ನಿವೃತ್ತಿಯ ನಂತರ ಧಾರವಾಡದಲ್ಲಿ ನೆಲೆಸಬಹುದೇ?

ಪ್ರಶ್ನೆ: ನನಗೆ 59 ವರ್ಷ. ಬರುವ ಮಾರ್ಚ್‌ನಲ್ಲಿ ಬ್ಯಾಂಕಿನ ಕೆಲಸದಿಂದ ನಿವೃತ್ತನಾಗುತ್ತೇನೆ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿ 1986ರಲ್ಲಿ ಪದವಿ ಮುಗಿಸಿದವನು. ಆಮೇಲೆ ಕೆಲಸವೆಲ್ಲ ಬೆಂಗಳೂರಿನಲ್ಲೇ. ರಾಜಾಜಿನಗರದ ಫ್ಲ್ಯಾಟ್ ಮಾರಿ ಧಾರವಾಡದಲ್ಲಿ ಚಿಕ್ಕ ಮನೆ ಕಟ್ಟಿಸುವ ಆಸೆಯಿದೆ. ಕಳೆದ ಡಿಸೆಂಬರಿನಲ್ಲಿ ನಾಲ್ಕು ದಿನ ಹೋಗಿ ಬಂದೆವು. ಹವೆ ಬಹಳ ಹಿತವಾಗಿತ್ತು. ಸ್ನೇಹಿತರೊಬ್ಬರು ಊರ ಹೊರಗೆ ಒಂದು ಸೈಟನ್ನೂ ತೋರಿಸಿದರು. ನನ್ನ ಪತ್ನಿ ತುಮಕೂರಿನ ಕಡೆಯವರು. ‘ನಿಮಗೆ ಸರಿ ಅನ್ನಿಸಿದರೆ ಆಯಿತು’ ಎನ್ನುತ್ತಾರೆ. ಮಗನ ಸಂಸಾರ ವೈಟ್‌ಫೀಲ್ಡಿನಲ್ಲಿದೆ. ಧಾರವಾಡ ನೆಲೆಸಲು ಒಳ್ಳೆಯ ಊರೇ?
– ಓದುಗರು, ಬೆಂಗಳೂರು

ಉತ್ತರ: ಒಳ್ಳೆಯ ಊರೇ. ಆದರೆ ನೀವು ಮನಸ್ಸಿನಲ್ಲಿಟ್ಟುಕೊಂಡು ಕೇಳುತ್ತಿರುವುದು 1986ರ ಧಾರವಾಡವನ್ನು. ನೀವು ಊರು ಬಿಟ್ಟ ವರ್ಷವೇ ಅಲ್ಲಿ ಕೃಷಿ ವಿಶ್ವವಿದ್ಯಾಲಯ ಆರಂಭವಾಯಿತು. 2008ರಲ್ಲಿ ಹೈಕೋರ್ಟ್ ಪೀಠ, 2016ರಲ್ಲಿ ಐಐಟಿ ಬಂದವು. ಸ್ಪರ್ಧಾತ್ಮಕ ಪರೀಕ್ಷೆಗಳ ಕೋಚಿಂಗ್‌ಗೆಂದು ಉತ್ತರ ಕರ್ನಾಟಕದ ಎಲ್ಲ ಜಿಲ್ಲೆಗಳ ಹುಡುಗ ಹುಡುಗಿಯರು ಬಂದು ಸೇರುತ್ತಿದ್ದಾರೆ. ಸಪ್ತಾಪುರದಂಥ ಕಡೆ ನೀವು ಕಂಡ ಹೆಂಚಿನ ಮನೆಗಳ ಜಾಗದಲ್ಲಿ ಮಹಡಿಗಳೆದ್ದು ಬಾಡಿಗೆಯ ಖೋಲಿಗಳಾಗಿವೆ. ಇದನ್ನು ದೂರೆಂದು ಹೇಳುತ್ತಿಲ್ಲ. ಹಳೆಯ ಬಡಾವಣೆಯೆಂದರೆ ಶಾಂತ ಬಡಾವಣೆ ಎಂಬ ಲೆಕ್ಕ ಈಗ ಎಲ್ಲ ಕಡೆಯೂ ನಡೆಯುವುದಿಲ್ಲ, ಅಷ್ಟೆ.

ಊರಿನ ಬಗ್ಗೆ ಕೇಳುವುದಕ್ಕಿಂತ ಓಣಿಯ ಬಗ್ಗೆ ಕೇಳಿ, ಅದರಲ್ಲೂ ಮೊದಲು ನೀರಿನ ಬಗ್ಗೆ. ಧಾರವಾಡಕ್ಕೆ ಕುಡಿಯುವ ನೀರು ಬರುವುದು ಸವದತ್ತಿ ಬಳಿಯ ಮಲಪ್ರಭಾ ಜಲಾಶಯದಿಂದ. ಹುಬ್ಬಳ್ಳಿ-ಧಾರವಾಡದ ಕೆಲವೇ ವಾರ್ಡುಗಳಲ್ಲಿ ವಿಶ್ವಬ್ಯಾಂಕ್ ನೆರವಿನ ಯೋಜನೆಯಡಿ 2008ರಲ್ಲಿಯೇ ದಿನದ 24 ಗಂಟೆಯೂ ನೀರು ಕೊಡಲು ಆರಂಭಿಸಿದರು. ಅಂಥದೊಂದು ಪ್ರಯೋಗ ನಡೆದ ಅದೇ ಊರಿನಲ್ಲಿ, ಉಳಿದ ಬಡಾವಣೆಗಳವರು ಹಲವು ದಿನಗಳಿಗೊಮ್ಮೆ ಬರುವ ನೀರಿಗಾಗಿ ವರ್ಷಗಟ್ಟಲೆ ಕಾದಿದ್ದಾರೆ. ಆದ್ದರಿಂದ ಮನೆ ನೋಡಲು ಹೋದಾಗ ದಲ್ಲಾಳಿಯನ್ನು ಏನೂ ಕೇಳಬೇಡಿ. ಎದುರು ಮನೆಯ ಗೃಹಿಣಿಯನ್ನು ‘ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ?’ ಎಂದು ಕೇಳಿ. ಅಲ್ಲಿ ನಲ್ಲಿಯ ನೀರು ಬರುವುದನ್ನು ನಳ ಬರುವುದು ಎಂದೇ ಹೇಳುತ್ತಾರೆ, ನಿಮಗೆ ನೆನಪಿರಬಹುದು. ಯಾರೂ ಮಾತಿಗೆ ಸಿಗದಿದ್ದರೆ ಅಂಗಳಗಳನ್ನು ನೋಡಿ: ಮನೆಮನೆಯ ಮುಂದೆ ನೀಲಿ ಬ್ಯಾರಲ್ಲುಗಳು ಸಾಲಾಗಿ ನಿಂತಿದ್ದರೆ ಉತ್ತರ ಸಿಕ್ಕಂತೆಯೇ. ಎಂಟು ದಿನಕ್ಕಾಗುವಷ್ಟು ನೀರು ಹಿಡಿಯುವ ಟ್ಯಾಂಕು ನೆಲದಡಿಯಲ್ಲಿದ್ದರೆ ಇದು ದೊಡ್ಡ ತೊಂದರೆಯಲ್ಲ. ಟ್ಯಾಂಕಿಲ್ಲದ ಬಾಡಿಗೆ ಮನೆಯಲ್ಲಿ ನಡುರಾತ್ರಿ ಎದ್ದು ಕೊಡ ತುಂಬಿಸುವುದು ಅರವತ್ತು ದಾಟಿದವರ ಕೆಲಸವಲ್ಲ.

ಎರಡನೆಯದು ನೆಲ. ಧಾರವಾಡ ಮಲೆನಾಡಿನ ಸೆರಗಿನಲ್ಲಿದೆ. ಪಶ್ಚಿಮಕ್ಕೆ ಅಳ್ನಾವರ, ಹಳಿಯಾಳದ ಕಡೆ ಕೆಂಪು ಮಣ್ಣು, ಪೂರ್ವಕ್ಕೆ ನವಲಗುಂದದ ಕಡೆ ಕಪ್ಪು ಎರೆ ಭೂಮಿ. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ, ಅದರ ಜೊತೆಗೆ ಅಡಿಪಾಯ ಗಟ್ಟಿಯಿಲ್ಲದ ಗೋಡೆಯೂ ಬಿರಿಯುತ್ತದೆ. ಸ್ನೇಹಿತರು ತೋರಿಸಿದ ಸೈಟಿನಲ್ಲಿ ಮೊಣಕಾಲುದ್ದ ಗುಂಡಿ ತೋಡಿಸಿ ಮಣ್ಣಿನ ಬಣ್ಣ ನೋಡಿ. ಕಪ್ಪಾಗಿದ್ದರೆ ಕೊಳ್ಳಲೇಬಾರದೆಂದಲ್ಲ, ಅಡಿಪಾಯದ ಖರ್ಚನ್ನು ಎಂಜಿನಿಯರರಿಂದ ಬರೆಸಿಕೊಂಡು ಜಾಗದ ಬೆಲೆಗೆ ಸೇರಿಸಿ ನೋಡಿ. ಅಕ್ಕಪಕ್ಕದ ಐದು ವರ್ಷ ಹಳೆಯ ಮನೆಯೊಂದರ ಕಿಟಕಿಯ ಮೂಲೆಗಳನ್ನು ಗಮನಿಸಿದರೂ ಸಾಕು, ಓರೆಯಾಗಿ ಬಿಟ್ಟ ಬಿರುಕುಗಳು ಅಲ್ಲಿಯೇ ಮೊದಲು ಕಾಣುವುದು.

ಕಾಗದಪತ್ರದ ಭಾಷೆಯೂ ಬೇರೆ. ನೀವು ಬೆಂಗಳೂರಿನಲ್ಲಿ ಸೈಟು, ಖಾತೆ ಎನ್ನುವ ಕಡೆ ಅಲ್ಲಿ ಪ್ಲಾಟು, ಉತಾರ ಎನ್ನುತ್ತಾರೆ. ಹಳೆಯ ಮುಂಬಯಿ ಪ್ರಾಂತ್ಯದ ಊರಾದ್ದರಿಂದ ನಗರದ ಹಳೆಯ ಭಾಗದ ಆಸ್ತಿಗೆ ಸಿಟಿ ಸರ್ವೆ ಕಚೇರಿಯ ಉತಾರವೇ ಮುಖ್ಯ ದಾಖಲೆ. ಊರ ಹೊರಗಿನ ಪ್ಲಾಟಾದರೆ ಎನ್‌ಎ (ಕೃಷಿಯೇತರ ಜಮೀನು) ಆಗಿದೆಯೇ, ಬಡಾವಣೆಯ ನಕ್ಷೆಗೆ ಹುಡಾ (ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ) ಒಪ್ಪಿಗೆ ಇದೆಯೇ ಎಂಬುದನ್ನು ಸ್ಥಳೀಯ ವಕೀಲರಿಂದ ನೋಡಿಸದೆ ಮುಂಗಡ ಕೊಡಬೇಡಿ, ತೋರಿಸಿದವರು ಎಷ್ಟೇ ಹಳೆಯ ಗೆಳೆಯರಾಗಿರಲಿ.

ಡಿಸೆಂಬರಿನ ನಾಲ್ಕು ದಿನಗಳಿಂದ ಧಾರವಾಡದ ಹವೆ ತಿಳಿಯುವುದಿಲ್ಲ. ಡಿಸೆಂಬರಿನಲ್ಲಿ ಯಾವ ಊರು ಚೆನ್ನಾಗಿರುವುದಿಲ್ಲ? ಜುಲೈ ತಿಂಗಳಲ್ಲಿ ಹದಿನೈದು ದಿನ ಇದ್ದು ನೋಡಿ. ಬಿಡದ ಜಿಟಿಜಿಟಿ ಮಳೆ, ಥಂಡಿ ಗಾಳಿ, ಮೂರು ದಿನವಾದರೂ ಒಣಗದ ಬಟ್ಟೆ ಕೆಲವರಿಗೆ ಪ್ರಾಣ, ಮೊಣಕಾಲು ನೋವಿನವರಿಗೆ ಪ್ರಾಣಸಂಕಟ. ಆಸ್ಪತ್ರೆಗಳ ಕೊರತೆಯಿಲ್ಲ, ಆದರೆ ಹೆಚ್ಚಿನವು ಸತ್ತೂರಿನಿಂದ ಹುಬ್ಬಳ್ಳಿಯವರೆಗಿನ ಹಾದಿಯಲ್ಲಿವೆ. ಆದ್ದರಿಂದ ಮನೆಯಿಂದ ಅಲ್ಲಿಗೆ ರಾತ್ರಿ ಹೊತ್ತಿನಲ್ಲಿ ಒಮ್ಮೆ ಆಟೋದಲ್ಲಿ ಹೋಗಿ ಎಷ್ಟು ಹೊತ್ತಾಗುತ್ತದೆಂದು ನೋಡಿಕೊಳ್ಳಿ.

ನಿಮ್ಮ ಪತ್ರದಲ್ಲಿ ನನಗೆ ಚಿಂತೆ ತಂದದ್ದು ನಿಮ್ಮ ಪತ್ನಿಯವರ ಒಂದು ಮಾತು. ಅದನ್ನು ನಾನು ಒಪ್ಪಿಗೆ ಎಂದು ಓದುವುದಿಲ್ಲ. ನಿಮಗೆ ಅಲ್ಲಿ ಗೆಳೆಯರಿದ್ದಾರೆ, ಕಾಲೇಜಿನ ನೆನಪಿದೆ, ಮಾತಿನ ಧಾಟಿ ಗೊತ್ತು. ಅವರಿಗೆ ಇವು ಯಾವುವೂ ಇಲ್ಲ. ವೈಟ್‌ಫೀಲ್ಡಿಗೆ ಈಗ ವಾರಕ್ಕೊಮ್ಮೆ ಹೋಗುತ್ತಿದ್ದರೆ, ಇನ್ನು ಮುಂದೆ ಅದು ಸುಮಾರು 430 ಕಿಲೋಮೀಟರಿನ ಪ್ರಯಾಣ. 2023ರಲ್ಲಿ ಬಂದ ವಂದೇ ಭಾರತ್ ರೈಲು ಏಳು ತಾಸಿನೊಳಗೆ ಮುಟ್ಟಿಸುತ್ತದೆ ಎನ್ನುವುದು ಸಮಾಧಾನವೇ, ಆದರೆ ಮೊಮ್ಮಗುವಿಗೆ ಜ್ವರ ಬಂದ ಸಂಜೆಗೆ ಅದು ಒದಗುವುದಿಲ್ಲ.

ಫ್ಲ್ಯಾಟನ್ನು ಈಗಲೇ ಮಾರಬೇಡಿ. ಅದನ್ನು ಬಾಡಿಗೆಗೆ ಕೊಟ್ಟು, ಧಾರವಾಡದಲ್ಲಿ ಹನ್ನೊಂದು ತಿಂಗಳ ಕರಾರಿನ ಮೇಲೆ ಬಾಡಿಗೆ ಮನೆ ಹಿಡಿದು ಜೂನ್‌ನಲ್ಲಿ ಹೋಗಿ. ಒಂದು ಮಳೆಗಾಲವೂ ಒಂದು ಬೇಸಿಗೆಯೂ ಕೈಗೆ ಸಿಗುತ್ತವೆ. ಮನೆಯನ್ನು ನಿಮ್ಮ ಪತ್ನಿಯವರೇ ಆರಿಸಲಿ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕಿದೆ. ಧಾರವಾಡದಲ್ಲಿದ್ದು ದಿನಾ ಓಡಾಡಬಹುದೇ?
– ಓದುಗರು, ಕಲಬುರಗಿ

ಉತ್ತರ: ಓಡಾಡಬಹುದು, ಸಾವಿರಾರು ಜನ ಓಡಾಡುತ್ತಿದ್ದಾರೆ. ಎರಡೂ ಊರುಗಳ ನಡುವೆ 2018ರಿಂದ ಓಡುತ್ತಿರುವ ಚಿಗರಿ ಎಂಬ ತ್ವರಿತ ಬಸ್ಸುಗಳಿಗೆ ಸುಮಾರು 22 ಕಿಲೋಮೀಟರಿನ ಪ್ರತ್ಯೇಕ ಪಥವಿದೆ. ಆದರೆ ನಿಮಗೆ ತೊಂದರೆ ಕೊಡುವುದು ಆ 22 ಕಿಲೋಮೀಟರಲ್ಲ, ಅದರ ಎರಡು ತುದಿಗಳು: ಮನೆಯಿಂದ ನಿಲ್ದಾಣಕ್ಕೆ, ನಿಲ್ದಾಣದಿಂದ ಕಚೇರಿಗೆ ಆಟೋ ಹಿಡಿಯಬೇಕಾದರೆ ಸಮಯವೂ ಹಣವೂ ಅಲ್ಲೇ ಸೋರಿಹೋಗುತ್ತವೆ. ಕಚೇರಿ ಈ ಪಥದಿಂದ ದೂರವಿದ್ದರೆ ಹುಬ್ಬಳ್ಳಿಯಲ್ಲೇ ಇರಿ. ಹತ್ತಿರವಿದ್ದರೆ ಧಾರವಾಡದಲ್ಲಿ ಚಿಗರಿ ನಿಲ್ದಾಣಕ್ಕೆ ಹತ್ತು ನಿಮಿಷದಲ್ಲಿ ನಡೆದು ತಲುಪುವಂಥ ಖೋಲಿ ನೋಡಿ. ನಿಲ್ದಾಣಗಳು ರಸ್ತೆಯ ನಡುವೆ ಇರುವುದರಿಂದ ಬೆಳಗಿನ ಗಡಿಬಿಡಿಯಲ್ಲಿ ಅರ್ಧ ರಸ್ತೆ ದಾಟುವುದನ್ನೂ ಆ ಹತ್ತು ನಿಮಿಷದಲ್ಲಿ ಸೇರಿಸಿಕೊಳ್ಳಿ.