ಮೇಯರ್ ವರದಿಯಲ್ಲಿ ರಸ್ತೆಯಿದೆ, ವಾರ್ಡಿನಲ್ಲಿ ಇಲ್ಲ

ಪ್ರಶ್ನೆ: ನಮ್ಮ ಮೇಯರ್ ಹೊರಡಿಸಿದ ಪ್ರಗತಿ ವರದಿಯಲ್ಲಿ ನಮ್ಮ ವಾರ್ಡಿನ ಮುಖ್ಯರಸ್ತೆಯ ಡಾಂಬರೀಕರಣಕ್ಕೆ ‘ಕ್ರಮ ಕೈಗೊಳ್ಳಲಾಗಿದೆ’ ಎಂದಿದೆ. ಸ್ಥಳದಲ್ಲಿ ಒಂದು ಬುಟ್ಟಿ ಜಲ್ಲಿಯೂ ಬಿದ್ದಿಲ್ಲ. ಇದು ಸುಳ್ಳಲ್ಲವೇ?

ಉತ್ತರ: ಊರಿನ ಹೆಸರು ಮಾತ್ರ ಬದಲಾಗಿ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿರುವುದರಿಂದ, ಈ ಸಲ ಉಳಿದವರ ಜಾಗದಲ್ಲಿ ಬಹುಪಾಲನ್ನೂ ಇದಕ್ಕೇ ಕೊಡುತ್ತಿದ್ದೇನೆ. ವರದಿ ಸುಳ್ಳಾಗಿರಲೇಬೇಕೆಂದಿಲ್ಲ. ಅಂದಾಜುಪಟ್ಟಿ, ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ (ಕೆಲಸ ಶುರುಮಾಡೆಂದು ಗುತ್ತಿಗೆದಾರನಿಗೆ ಕೊಡುವ ಲಿಖಿತ ಆದೇಶ) ಇಷ್ಟೂ ಆದ ಮೇಲೆಯೇ ಪಾಲಿಕೆಯ ಕಾಮಗಾರಿಯಲ್ಲಿ ಗುದ್ದಲಿ ನೆಲಕ್ಕೆ ತಾಗುವುದು. ಇವುಗಳಲ್ಲಿ ಯಾವ ಹಂತದಲ್ಲಿ ಕಡತ ಮಲಗಿದ್ದರೂ ವರದಿ ಸಿದ್ಧಪಡಿಸುವವರು ನೀವು ಓದಿದ ಆ ಸಾಲನ್ನೇ ಬರೆಯುತ್ತಾರೆ. ಆದ್ದರಿಂದ ಕೇಳಬೇಕಾದದ್ದು ಕಾರ್ಯಾದೇಶದ ಸಂಖ್ಯೆ ಮತ್ತು ದಿನಾಂಕವನ್ನು. ಅದಿಲ್ಲವೆಂದರೆ ನಿಮ್ಮ ರಸ್ತೆ ಇನ್ನೂ ಕಾಗದದಲ್ಲಿದೆ. ಭೂಮಿಪೂಜೆಯ ಫೋಟೊ ನೋಡಿ ಕೆಲಸ ಶುರುವಾಯಿತೆಂದು ನಂಬುವವರಿಗೆ ನಾನು ಹೇಳುವುದೇನೂ ಉಳಿದಿಲ್ಲ.

ಮೇಯರನ್ನು ಬೈಯುವ ಮುನ್ನ ಅವರ ಕೈಯಲ್ಲಿ ಏನಿದೆ ಎಂಬುದನ್ನೂ ನೋಡಿ. ಬೆಂಗಳೂರು ಬಿಟ್ಟು ಕರ್ನಾಟಕದ ಉಳಿದ ಮಹಾನಗರ ಪಾಲಿಕೆಗಳಿಗೆ ಅನ್ವಯಿಸುವ 1976ರ ಅಧಿನಿಯಮದ ಚೌಕಟ್ಟಿನಲ್ಲಿ ಕಾರ್ಯಾಂಗದ ಅಧಿಕಾರ ಸರ್ಕಾರ ನೇಮಿಸುವ ಆಯುಕ್ತರದ್ದು. ಜನರಿಂದ ನೇರವಾಗಿ ಆಯ್ಕೆಯಾಗದೆ, ಒಂದೊಂದೇ ವರ್ಷದ ಅವಧಿಗೆ ಬಂದುಹೋಗುತ್ತಿದ್ದ ಮೇಯರ್‌ಗಳು ಸಭೆ ನಡೆಸಿ ಒತ್ತಡ ಹೇರಬಲ್ಲವರೇ ಹೊರತು ಗುತ್ತಿಗೆದಾರನ ಬಿಲ್ಲು ಪಾಸು ಮಾಡುವವರಲ್ಲ. ನಿಮ್ಮ ಅರ್ಜಿ ಮೇಯರ್ ಕಚೇರಿಯ ಮೇಜಿನ ಮೇಲೆ ಧೂಳು ತಿನ್ನುವುದಕ್ಕೆ ಇದೂ ಒಂದು ಕಾರಣ.

ಅರ್ಜಿಯನ್ನು ಪಾಲಿಕೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ, 2005ರ ಮಾಹಿತಿ ಹಕ್ಕು ಕಾಯ್ದೆಯಡಿ, 10 ರೂಪಾಯಿ ಶುಲ್ಕದೊಂದಿಗೆ ಕೊಡಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ 150 ಪದಗಳ ಮಿತಿಯಲ್ಲಿ. ಪೀಠಿಕೆ, ಅಳಲು, ಎಚ್ಚರಿಕೆಗಳೆಲ್ಲ ಬೇಡ. ಉತ್ತರಕ್ಕೆ 30 ದಿನಗಳ ಗಡುವಿದೆ. ಕೆಲಸ ಇನ್ನೂ ಆರಂಭವಾಗದಿದ್ದರೆ ಕಾರ್ಯಾದೇಶದ ಪ್ರತಿ ಸಾಕು. ಕೆಲಸ ಮುಗಿದಿದೆ ಎಂದು ವರದಿ ಹೇಳಿದರೆ ಆದ ಕೆಲಸವನ್ನು ಅಳೆದು ಎಂಜಿನಿಯರ್ ಬರೆದಿಡುವ ಅಳತೆ ಪುಸ್ತಕದ ದೃಢೀಕೃತ ಪ್ರತಿಯನ್ನು ಕೇಳಿ, ಏಕೆಂದರೆ ಬಿಲ್ಲು ಹುಟ್ಟುವುದು ಅಲ್ಲಿಂದ. ಆ ಪುಟದಲ್ಲಿ ಉದ್ದ, ಅಗಲ, ದಪ್ಪ ಎಂದು ಪ್ರತ್ಯೇಕವಾಗಿ ನಮೂದಾಗಿರುತ್ತದೆ. ಉದ್ದ ಮತ್ತು ಅಗಲವನ್ನು ಯಾರು ಬೇಕಾದರೂ ಟೇಪು ಹಿಡಿದು ನೋಡಬಹುದಾದ್ದರಿಂದ ಅಲ್ಲಿ ಕೈಚಳಕ ಕಡಿಮೆ. ದಪ್ಪ ಕಣ್ಣಿಗೆ ಬೀಳುವುದಿಲ್ಲ, ಆಟವೆಲ್ಲ ಅಲ್ಲೇ. ಒಂದು ಕಿಲೋಮೀಟರ್ ಉದ್ದ, 7 ಮೀಟರ್ ಅಗಲದ ರಸ್ತೆಗೆ 40 ಮಿಲಿಮೀಟರ್ ದಪ್ಪದ ಪದರ ಬರೆದು 30 ಮಿಲಿಮೀಟರ್ ಹಾಕಿದರೆ 70 ಘನ ಮೀಟರ್ ಡಾಂಬರು ಮಿಶ್ರಣ ಪುಸ್ತಕದಲ್ಲಿ ಮಾತ್ರ ಇರುತ್ತದೆ. ಹಾಗೆಂದು ಹಾರೆ ಹಿಡಿದು ರಸ್ತೆ ಅಗೆಯಲು ಹೋಗಬೇಡಿ, ಮೊಕದ್ದಮೆ ನಿಮ್ಮ ಮೇಲೆಯೇ ಬೀಳುತ್ತದೆ. ಕಾಮಗಾರಿಯನ್ನು ಪರಿಶೀಲಿಸುವ ಮತ್ತು ಸಾಮಗ್ರಿಯ ದೃಢೀಕೃತ ಮಾದರಿಯನ್ನು ಪಡೆಯುವ ಹಕ್ಕನ್ನು ಅದೇ ಕಾಯ್ದೆ ಕೊಟ್ಟಿದೆ; ಅರ್ಜಿಯಲ್ಲಿ ಅದನ್ನೂ ಕೇಳಿ. ದೋಷ ಹೊಣೆಗಾರಿಕೆಯ ಅವಧಿ ಎಂದಿಗೆ ಮುಗಿಯುತ್ತದೆ ಎಂಬುದನ್ನು ಮರೆಯದೆ ಗುರುತು ಹಾಕಿಕೊಳ್ಳಿ, ಏಕೆಂದರೆ ಅದರೊಳಗೆ ಕಿತ್ತುಹೋದದ್ದನ್ನು ಗುತ್ತಿಗೆದಾರ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು.

ಪ್ರಶ್ನೆ: ರಸ್ತೆ ಆಗುವವರೆಗೆ ಆಸ್ತಿ ತೆರಿಗೆ ಕಟ್ಟದಿದ್ದರೆ ಹೇಗೆ?

ಉತ್ತರ: ದಂಡ ಬೀಳುವುದು ನಿಮಗೆ, ಗುತ್ತಿಗೆದಾರನಿಗಲ್ಲ.

ಪ್ರಶ್ನೆ: ಮೇಯರ್ ಶಿಫಾರಸು ಪತ್ರ ತಂದರೆ ಖಾತೆ ಬೇಗ ಆಗಿ ಮನೆಯ ಒಡೆತನ ಭದ್ರವಾಗುತ್ತದೆ ಎಂದು ಒಬ್ಬರು ಹಣ ಕೇಳುತ್ತಿದ್ದಾರೆ.

ಉತ್ತರ: ಖಾತೆ ತೆರಿಗೆಯ ದಾಖಲೆ, ಒಡೆತನದ ಪತ್ರವೇ ಅಲ್ಲ. ಎರಡು ಸುಳ್ಳಿಗೆ ಒಂದೇ ದರ ಕೇಳುವ ಇಂಥ ದಲ್ಲಾಳಿಗಳನ್ನು ಹೊಸ್ತಿಲೊಳಗೆ ಬಿಟ್ಟುಕೊಳ್ಳಬೇಡಿ.

ಪ್ರಶ್ನೆ: ವಾರ್ಡ್ ಸಮಿತಿ ಬೇಕೇಬೇಕೆ?

ಉತ್ತರ: 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಅದು ಸಂವಿಧಾನದ ಕಟ್ಟಳೆ, 1992ರ 74ನೇ ತಿದ್ದುಪಡಿಯಲ್ಲೇ ಬಂದದ್ದು. ನಿಮ್ಮಲ್ಲಿ ರಚನೆಯಾಗಿಲ್ಲದಿದ್ದರೆ ಆಯುಕ್ತರಿಗೆ ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯದೆ ಹಿಂದಿರುಗಬೇಡಿ.