ಎರೆ ಮಣ್ಣಿನ ಮಲ್ಲಿಗೆ, ತಾರಸಿಯ ಕನಕಾಂಬರ: ಬೇಸಿಗೆಯ ಹೂದೋಟದ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಮನೆಯ ಅಂಗಳದಲ್ಲಿರುವುದು ಎರೆ ಮಣ್ಣು. ಯುಗಾದಿ ಹತ್ತಿರವಾಗುತ್ತಿದ್ದಂತೆ ದುಂಡು ಮಲ್ಲಿಗೆಯ ಚಿಗುರೆಲೆಗಳು ಹಳದಿಯಾಗುತ್ತಿವೆ, ನರಗಳು ಮಾತ್ರ ಹಸಿರಾಗಿವೆ. ದಿನವೂ ಬೋರ್‌ವೆಲ್ ನೀರು ಹಾಕಿದರೂ ನೆಲ ಬಿರಿಯುತ್ತದೆ. ಗೊಬ್ಬರ ಹೆಚ್ಚಿಸಬೇಕೇ?
– ಗೃಹಿಣಿಯೊಬ್ಬರು, ರಾಯಚೂರು

ಉತ್ತರ: ಗೊಬ್ಬರವನ್ನು ಈಗ ಹೆಚ್ಚಿಸಬೇಡಿ. ಸಾರಜನಕ ಕಡಿಮೆಯಾದಾಗ ಮೊದಲು ಹಳದಿಯಾಗುವುದು ಕೆಳಗಿನ ಹಳೆಯ ಎಲೆಗಳೇ ಹೊರತು ಚಿಗುರಲ್ಲ. ನೀವು ಬರೆದಿರುವುದು ಗಿಡಕ್ಕೆ ಕಬ್ಬಿಣದ ಅಂಶ ದಕ್ಕದಿರುವಾಗ ಕಾಣುವ ಲಕ್ಷಣ. ನಮ್ಮ ಭಾಗದ ಎರೆ ಮಣ್ಣಿನಲ್ಲಿ ಸಾಮಾನ್ಯವಾಗಿ ಸುಣ್ಣದ ಅಂಶವೂ ಕ್ಷಾರ ಗುಣವೂ ಹೆಚ್ಚಾಗಿರುವುದರಿಂದ, ಕಬ್ಬಿಣ ಮಣ್ಣಿನಲ್ಲಿದ್ದರೂ ಬೇರು ಅದನ್ನು ಹೀರಿಕೊಳ್ಳಲಾರದು. ಗಡಸು ನೀರು ಮತ್ತು ಸದಾ ತೇವದಿಂದ ಉಸಿರುಗಟ್ಟಿದ ಬೇರು ಸೇರಿದರೆ ತೊಂದರೆ ಬಲಿಯುತ್ತದೆ.

ನೆಲ ಬಿರಿಯುವುದಕ್ಕೂ ನೀರು ಹಾಕುವ ಕ್ರಮಕ್ಕೂ ಸಂಬಂಧವಿದೆ. ಎರೆ ಮಣ್ಣು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗುತ್ತದೆ. ಆ ಎಳೆದಾಟದಲ್ಲಿ ಕೂದಲಿನಷ್ಟು ಸಣ್ಣ ಬೇರುಗಳು ಹರಿಯುತ್ತವೆ. ದಿನಕ್ಕೊಂದು ಚೊಂಬು ಸುರಿದರೆ ಮೇಲ್ಪದರವಷ್ಟೇ ಒದ್ದೆಯಾಗಿ ಮಧ್ಯಾಹ್ನದೊಳಗೆ ಬಿರಿಯುತ್ತದೆ. ಬುಡದಿಂದ ಒಂದು ಗೇಣು ಬಿಟ್ಟು ಸುತ್ತಲೂ ಪಾತಿ ಮಾಡಿ, ಮೂರು ನಾಲ್ಕು ದಿನಕ್ಕೊಮ್ಮೆ, ಬೆಳಗಿನ ಜಾವದಲ್ಲಿ, ಪಾತಿ ತುಂಬುವಂತೆ ನೀರು ಕೊಡಿ. ಮತ್ತೆ ನೀರು ಬೇಕೇ ಎಂಬುದನ್ನು ತಿಥಿ ಎಣಿಸಿ ತೀರ್ಮಾನಿಸಬೇಡಿ. ಅರ್ಧ ಗೇಣು ಆಳದಿಂದ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಸುಕಿದಾಗ ಉಂಡೆ ಕಟ್ಟಿದರೆ ಆ ದಿನ ಕೈ ತಡೆಯಿರಿ. ಪಾತಿಯ ಮೇಲೆ ಎರಡು ಅಂಗುಲ ಭತ್ತದ ಹೊಟ್ಟು ಹರಡಿ, ಗಾಳಿಗೆ ಹಾರದಂತೆ ಹಳೆಯ ಗೋಣಿಚೀಲ ಹೊದಿಸಿ. ರೈಸ್ ಮಿಲ್ಲುಗಳಿರುವ ನಮ್ಮ ಜಿಲ್ಲೆಯಲ್ಲಿ ಹೊಟ್ಟಿಗೆ ಬರವಿಲ್ಲ. ಆದರೆ ಅದು ಕಾಂಡಕ್ಕೆ ತಾಗಬಾರದು, ಗೆದ್ದಲು ಹತ್ತೀತು.

ಹಳದಿಗೆ, ಅನ್ನಭೇದಿ ಎನ್ನುವ ಫೆರಸ್ ಸಲ್ಫೇಟ್ 5 ಗ್ರಾಂ ಮತ್ತು ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) 1 ಗ್ರಾಂ, ಇವೆರಡನ್ನೂ 1 ಲೀಟರ್ ನೀರಿನಲ್ಲಿ ಕರಗಿಸಿ, ಬಿಸಿಲು ಇಳಿದ ಮೇಲೆ ಎಲೆಗಳಿಗೆ ಸಿಂಪಡಿಸಿ. ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಸಿಂಪಡಿಸಿದರೆ ಸಾಕು. ದ್ರಾವಣವನ್ನು ಅಂದಂದೇ ಮುಗಿಸಬೇಕು. ಬಿಳಿ ಬಟ್ಟೆ ಮತ್ತು ಟೈಲ್ಸಿನ ಮೇಲೆ ಬಿದ್ದರೆ ತುಕ್ಕಿನ ಕಲೆ ಉಳಿಯುತ್ತದೆ, ಎಚ್ಚರವಿರಲಿ. ಕುಡಿಯುವ ನೀರಿನ ಆರ್‌ಒ ಫಿಲ್ಟರ್ ಯಂತ್ರ ಹೊರಬಿಡುವ ತ್ಯಾಜ್ಯ ನೀರು ವ್ಯರ್ಥವಾಗದಿರಲೆಂದು ಗಿಡಕ್ಕೆ ಹಾಕುವವರಿದ್ದಾರೆ. ಅದರಲ್ಲಿ ಬೋರ್‌ವೆಲ್ ನೀರಿಗಿಂತಲೂ ಲವಣ ಹೆಚ್ಚಿರುತ್ತದೆ, ಅದನ್ನು ಅಂಗಳ ತೊಳೆಯಲು ಬಳಸಿ. ಅಕ್ಕಿ ತೊಳೆದ ನೀರು ಧಾರಾಳವಾಗಿ ಆಗುತ್ತದೆ.

ಪ್ರಶ್ನೆ: ತಾರಸಿಯ ಕುಂಡಗಳಲ್ಲಿ ಕನಕಾಂಬರವಿದೆ. ಮಣ್ಣು ಒದ್ದೆಯಿದ್ದರೂ ಮಧ್ಯಾಹ್ನ ಎಲೆಗಳು ಜೋತು ಬೀಳುತ್ತವೆ. ಆಗಲೇ ನೀರು ಹಾಕಬಹುದೇ?
– ಓದುಗರು, ಗಂಗಾವತಿ

ಉತ್ತರ: ಬೇಡ. ಉರಿಬಿಸಿಲಿನಲ್ಲಿ ಬೇರು ಹೀರುವುದಕ್ಕಿಂತ ಹೆಚ್ಚು ನೀರನ್ನು ಎಲೆ ಆವಿಯಾಗಿ ಬಿಡುವುದರಿಂದ ಅದು ಬಾಡಿದಂತೆ ಕಾಣುತ್ತದೆ. ಸಂಜೆಗೆ ತಾನೇ ಚೇತರಿಸಿಕೊಂಡರೆ ಚಿಂತೆಯಿಲ್ಲ. ಮರುದಿನ ಬೆಳಿಗ್ಗೆಯೂ ಜೋತೇ ಇದ್ದರೆ ಗಿಡವನ್ನು ಕುಂಡದಿಂದ ಬಿಡಿಸಿ ಬೇರು ನೋಡಿ. ಕಂದಿ ಮೆತ್ತಗಾಗಿದ್ದರೆ ನೀರು ಹೆಚ್ಚಾಗಿ ಕೊಳೆತಿದೆ. ಸಣ್ಣ ಸಣ್ಣ ಗಂಟುಗಳಿದ್ದರೆ ಬೇರಿನೊಳಗೆ ಸೇರುವ ಸೂಕ್ಷ್ಮ ಜಂತುಹುಳುವಿನ ಬಾಧೆ, ಕನಕಾಂಬರಕ್ಕೆ ಇದು ಸಾಮಾನ್ಯ. ಅಂಥ ಗಿಡವನ್ನು ಸುಟ್ಟುಬಿಡಿ, ಆ ಮಣ್ಣನ್ನು ಬೇರೆ ಕುಂಡಕ್ಕೆ ಬೆರೆಸಬೇಡಿ. ಉಳಿದ ಕುಂಡಗಳನ್ನು ಕಾದ ನೆಲಕ್ಕೆ ತಾಗದಂತೆ ಇಟ್ಟಿಗೆಗಳ ಮೇಲಿಟ್ಟು, 50 ಶೇಕಡಾ ನೆರಳು ಕೊಡುವ ಹಸಿರು ಪರದೆ ಕಟ್ಟಿ. ಕನಕಾಂಬರ ಅರೆನೆರಳಿನಲ್ಲಿಯೂ ಚೆನ್ನಾಗಿ ಹೂ ಬಿಡುತ್ತದೆ.

ಪ್ರಶ್ನೆ: ದಾಸವಾಳದ ತುದಿಗಳಲ್ಲಿ ಬಿಳಿ ಹತ್ತಿಯಂಥದ್ದು ಅಂಟಿದೆ, ಇರುವೆಗಳೂ ಹತ್ತುತ್ತಿವೆ, ಮೊಗ್ಗು ಉದುರುತ್ತಿವೆ.
– ಶಿಕ್ಷಕರು, ಸಿರುಗುಪ್ಪ

ಉತ್ತರ: ಇದು ಹಿಟ್ಟು ತಿಗಣೆ. ಅದು ಸ್ರವಿಸುವ ಸಿಹಿ ಅಂಟಿಗಾಗಿ ಇರುವೆಗಳು ಬರುತ್ತವೆ ಮತ್ತು ತಿಗಣೆಯನ್ನು ಕಾಯುತ್ತವೆ, ಆದ್ದರಿಂದ ಇರುವೆಗಳ ದಾರಿಯನ್ನೂ ತಡೆಯಬೇಕು. ಹೆಚ್ಚು ಅಂಟಿರುವ ತುದಿಗಳನ್ನು ಕತ್ತರಿಸಿ ಚೀಲದಲ್ಲಿ ಕಟ್ಟಿ ಎಸೆಯಿರಿ. ಉಳಿದ ಕಡೆ ರಭಸದ ನೀರಿನಿಂದ ತೊಳೆದು, ಸಂಜೆ 1 ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ ಮತ್ತು ಸ್ವಲ್ಪ ಸಾಬೂನಿನ ದ್ರಾವಣ ಬೆರೆಸಿ ಎಲೆಯ ಅಡಿಭಾಗಕ್ಕೂ ತಾಗುವಂತೆ ವಾರಕ್ಕೊಮ್ಮೆ ಸಿಂಪಡಿಸಿ. ಹಗಲು ಬಿಸಿಲಿನಲ್ಲಿ ಎಣ್ಣೆ ಸಿಂಪಡಿಸಿದರೆ ಎಲೆ ಸುಡುತ್ತದೆ.