ಎಕ್ಸ್‌ರೇ ಚೆನ್ನಾಗಿದ್ರೂ ಸಿಟಿ ಸ್ಕ್ಯಾನ್ ಯಾಕೆ?

ಅಪ್ಪನಿಗೆ ಕಿಡ್ನಿ ಕಸಿಯಾಗಿ ವರ್ಷವಾಗಿದೆ, ಹತ್ತು ದಿನದಿಂದ ಒಣಕೆಮ್ಮು. ಜ್ವರ ಅಷ್ಟಿಲ್ಲ, ಎಕ್ಸ್‌ರೇ ಚೆನ್ನಾಗಿದೆ, ಆದರೂ ಕೋಲಾರದ ಡಾಕ್ಟರು ಸಿಟಿ ಸ್ಕ್ಯಾನ್ ಬರೆದಿದ್ದಾರೆ, ಸುಮ್ನೆ ಖರ್ಚಲ್ವಾ ಅಂತ ಕೇಳಿದ್ದೀರಿ.

ಸುಮ್ನೆ ಅಲ್ಲ. ಎಕ್ಸ್‌ರೇಯಲ್ಲಿ ಕಾಣುವ ಬಿಳಿ ಮಚ್ಚೆಯಲ್ಲಿ ಜಾಸ್ತಿ ಪಾಲು, ದೇಹ ಸೋಂಕಿನ ಜೊತೆ ಹೋರಾಡುವಾಗ ಸೇರುವ ಕೀವು, ನೀರು. ಕಸಿಯಾದವರು ಆ ಹೋರಾಟವನ್ನೇ ತಗ್ಗಿಸುವ ಮಾತ್ರೆ ನುಂಗುತ್ತಾರೆ. ಹಾಗಾಗಿ ಮಚ್ಚೆ ತಡವಾಗಿ ಕಾಣಬಹುದು, ಸ್ಟೀರಾಯ್ಡ್ ಇದ್ದರೆ ಜ್ವರವೂ ಅಡಗಿರುತ್ತದೆ. ಸಿಟಿಯಲ್ಲಿ ಸಣ್ಣ ಗಂಟು, ಮಬ್ಬು ಬೇಗ ಸಿಗುತ್ತದೆ.

ಬೆರಳಿಗೆ ಆಕ್ಸಿಮೀಟರ್ (ರಕ್ತದ ಆಮ್ಲಜನಕ ಅಳೆಯುವ ಕ್ಲಿಪ್) ಹಾಕಿ ನೋಡಿ. ಕೂತಾಗ 96 ಇದ್ದದ್ದು ಅಂಗಳದಲ್ಲಿ ನಾಲ್ಕು ಸುತ್ತು ನಡೆದಾಗ 88ಕ್ಕೆ ಬಿದ್ದರೆ, ನ್ಯುಮೋಸಿಸ್ಟಿಸ್ ಎಂಬ ಫಂಗಸ್ ಕೂಡ ಅನುಮಾನದಲ್ಲಿರುತ್ತದೆ. ಆಗ ಮನೆಯಲ್ಲಿ ಕಾಯಬೇಡಿ, ಆಸ್ಪತ್ರೆಗೆ ಹೊರಡಿ.

ಸಿಟಿ ಜಾಗ ತೋರಿಸುತ್ತದೆ, ಕಳ್ಳ ಯಾರು ಅಂತ ಹೇಳುವುದು ಕಡಿಮೆ. ಟಿಬಿ ಇದೆಯಾ ಅಂತ ತಿಳಿಯಲು ಬೆಳಗಿನ ಕಫಕ್ಕೆ ಸಿಬಿನ್ಯಾಟ್ (ಟಿಬಿ ರೋಗಾಣುವಿನ ಜೀನ್ ಹುಡುಕುವ ಪರೀಕ್ಷೆ) ಮಾಡಿಸಿ. ಯಂತ್ರ ಸುಮಾರು 2 ಗಂಟೆಯಲ್ಲಿ ಹೇಳುತ್ತದೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಕಫವೇ ಬರದಿದ್ದರೆ ಬ್ರಾಂಕೋಸ್ಕೋಪಿ: ಶ್ವಾಸಕೋಶದೊಳಗೆ ಸಣ್ಣ ನಳಿಗೆ ಇಳಿಸಿ, ಉಪ್ಪುನೀರು ಬಿಟ್ಟು, ವಾಪಸ್ ಎಳೆದು ಪರೀಕ್ಷಿಸುತ್ತಾರೆ. ಕೇಳಿದರೆ ಭಯ, ಆದರೆ ಗುರಿಯಿಲ್ಲದೆ ಮೂರು ಆಂಟಿಬಯಾಟಿಕ್ ನುಂಗಿಸುವುದಕ್ಕಿಂತ ನನಗೆ ಇದೇ ವಾಸಿ. ಅದೂ ಅಲ್ಲದೆ, ಕೆಲವು ಟಿಬಿ, ಫಂಗಸ್ ಮಾತ್ರೆ ರಕ್ತದಲ್ಲಿ ಕಸಿಯ ಔಷಧದ ಮಟ್ಟವನ್ನೇ ಏರುಪೇರು ಮಾಡುತ್ತವೆ.

ಇನ್ನೊಂದು, ಅಪ್ಪ ಬೂಷ್ಟು ಹಿಡಿದ ಹುಲ್ಲು, ತಿಪ್ಪೆ ಗೊಬ್ಬರ ಕೆದಕಿದ್ದರೆ ಡಾಕ್ಟರಿಗೆ ಹೇಳಿ. ಆಸ್ಪರ್ಜಿಲಸ್ ಫಂಗಸ್ ಅಲ್ಲೇ ಬೆಳೆಯುತ್ತದೆ.